ಒಂದು ನಿಮಿಷದ ಮೌನ ಬೇಡ

ಮಾರ್ಚ್ 3

ಅಣ್ಣ,

ವರ್ತಕರ ಸಂಘದ ಅಧ್ಯಕ್ಷರು ನಿನ್ನೆ ವರ್ಕ್‌ಶಾಪಿಗೆ ಬಂದು ಒಂದು ಹಾಳೆ ಕೈಗಿಟ್ಟು ಹೋದರು. ಅಪ್ಪನ ನೆನಪಿನ ಕಾರ್ಯಕ್ರಮವಂತೆ, ನೀನೇ ಬರೆದು ಕಳಿಸಿದ್ದಂತೆ. ಮೇ ತಿಂಗಳ ಎರಡನೇ ಭಾನುವಾರ ಸಂಘದ ಸಭಾಂಗಣ, ದೊಡ್ಡ ಫೋಟೋ, ಒಂದು ನಿಮಿಷದ ಮೌನ, ‘ಶ್ರಮಜೀವಿ ಉದ್ಯಮಿ’ ಅಂತ ನಿನ್ನ ಭಾಷಣ, ಕೊನೆಗೆ ಯಾರೋ ಹೆಸರಾಂತ ಗಾಯಕಿಯ ಹಾಡು. ಗೌರವಾರ್ಥ ಅವತ್ತು ನಮ್ಮ ವರ್ಕ್‌ಶಾಪಿನಲ್ಲಿ ಸುತ್ತಿಗೆ ಎತ್ತುವಂತಿಲ್ಲವಂತೆ. ಎಲ್ಲಾ ನೀನೇ ತೀರ್ಮಾನ ಮಾಡಿ ಮುಗಿಸಿದ್ದೀಯ. ಅಪ್ಪನ ಪಕ್ಕದಲ್ಲಿ ನಿಂತು ದಿನಾ ತಗಡು ಬಡಿದವಳು ನಾನು. ನನ್ನನ್ನು ಒಂದು ಮಾತು ಕೇಳಬೇಕು ಅಂತ ನಿನಗೆ ಅನ್ನಿಸಲಿಲ್ಲ.

ಮೌನವಂತೆ, ಮೌನ! ಯಾರಿಗೆ? ಅಮ್ಮನಿಗೆ ಆಪರೇಷನ್ ಆದಾಗ ವಾರ್ಡಿನಲ್ಲಿ ಹಾಡಲು ಹೋಗಿ, ನರ್ಸ್ ಕೈಲಿ ಉಗಿಸಿಕೊಂಡು, ಹೊರಗೆ ಕಿಟಕಿಯ ಕೆಳಗೆ ನಿಂತು ಹಾಡಿ ಮುಗಿಸಿದ ಮನುಷ್ಯನಿಗೆ? ನಮ್ಮಿಬ್ಬರನ್ನು ಸೈಕಲ್ಲಿನಲ್ಲಿ ಸ್ಕೂಲಿಗೆ ಬಿಡುವಾಗ ಬೆಲ್ ಹೊಡೆಯುವ ಬದಲು ಹಾಡಿ ದಾರಿ ಬಿಡಿಸಿಕೊಳ್ಳುತ್ತಿದ್ದವನಿಗೆ? ನೀವೆಲ್ಲ ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಅವನೇ ಫೋಟೋದಿಂದ ಇಳಿದು ಬಂದು "ಯಾಕ್ರೋ, ಯಾರು ಸತ್ರು?" ಅಂತ ಕೇಳುತ್ತಾನೆ.

ನೀನು ಊರು ಬಿಟ್ಟು ಕಾಲವಾಯಿತು, ಮರೆತಿದ್ದರೆ ನೆನಪು ಮಾಡುತ್ತೇನೆ. ತಗಡಿನ ಪೆಟ್ಟಿಗೆ ಮಾಡುವ ಕೆಲಸ ಕೇಳಿಕೊಂಡು ಯಾರೇ ಬರಲಿ, ಅಪ್ಪ ಮೊದಲು ಸುತ್ತಿಗೆ ಕೊಡುತ್ತಿದ್ದ. "ನಾನು ಹಾಡ್ತೀನಿ, ನೀನು ಬಡಿ." ಈಗ ನಮ್ಮಲ್ಲಿ ಹಿರಿಯ ಕೆಲಸಗಾರನಾಗಿರುವ ಮೀಸೆ ಬಂದ ದಿನ ಕಕ್ಕಾಬಿಕ್ಕಿಯಾಗಿ ಕೇಳಿದ್ದ: "ಸಾರ್, ಪೆಟ್ಟಿಗೆ ಬಡಿಯೋಕೆ ಹಾಡು ಯಾಕೆ?" ಅಪ್ಪ ಹೇಳಿದ್ದು ಇಷ್ಟು: "ಎಂಟು ಜನ ಎಂಟು ಥರ ಬಡಿದ್ರೆ ಬರೀ ಗದ್ದಲ ಕಣಯ್ಯಾ. ಎಲ್ಲರೂ ಒಂದೇ ಸಲ ಬಡಿದ್ರೆ ಮಧ್ಯ ಮಧ್ಯ ಜಾಗ ಸಿಗತ್ತೆ. ಆ ಜಾಗ ನಂದು." ಆ ಜಾಗದಲ್ಲೇ ಅವನು ಜೀವಮಾನವಿಡೀ ಹಾಡಿದ. ಶ್ರುತಿಯ ಮಾತು ಬಿಡು, ಪಕ್ಕದ ಟೈರ್ ಅಂಗಡಿಯವನು ಅವನ ಹಾಡು ಶುರುವಾದರೆ ಶಟರ್ ಅರ್ಧ ಎಳೆಯುತ್ತಿದ್ದ. ಆದರೆ ತಾಳ? ಒಂದು ದಿನ ಒಂದೇ ಒಂದು ಏಟು ತಪ್ಪಿದ್ದಿಲ್ಲ. ಬೆರಳು ಜಜ್ಜಿಕೊಂಡವರು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅದಕ್ಕೇ ಹೇಳುತ್ತಿದ್ದೇನೆ. ಅಪ್ಪನ ನೆನಪು ವರ್ಕ್‌ಶಾಪಿನಲ್ಲೇ ಆಗಬೇಕು, ಎಂಟು ಸುತ್ತಿಗೆಯ ಜೊತೆ. ನೀನು ಬಾ. ಭಾಷಣ ಬೇಕಾದರೆ ಮಾಡು, ನಡುವೆ ಸಿಗುವ ಜಾಗದಲ್ಲಿ.

ಫೋನ್ ಮಾಡಬೇಡ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಜಗಳವೇ ಆಗುತ್ತದೆ. ಬರೆ.

ನಿನ್ನ
ಗಲಾಟೆ

ಮಾರ್ಚ್ 12

ಪ್ರೀತಿಯ ಗಲಾಟೆ,

ನಿನ್ನ ಕಾಗದ ತಲುಪಿತು. ಕೇಳದೆ ಏರ್ಪಾಡು ಮಾಡಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಏರ್ಪಾಡು ಬದಲಾಗುವುದಿಲ್ಲ. ಸಭಾಂಗಣ ಗೊತ್ತುಮಾಡಿ ಆಗಿದೆ. ಗಾಯಕಿ ಒಪ್ಪಿದ್ದಾರೆ. ಅಪ್ಪ ಸಂಗೀತವನ್ನು ಇಷ್ಟಪಟ್ಟವನು, ಅವನಿಗೆ ಒಳ್ಳೆಯ ಸಂಗೀತ ಸಲ್ಲಲಿ.

ಸುತ್ತಿಗೆಯ ವಿಷಯ ಎತ್ತಬೇಡ. ಆ ಶಬ್ದ ಇರುವ ಕಡೆ ನಾನು ಕಾಲಿಡುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ. ಜೊತೆಗಿದ್ದವಳು ನೀನು, ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಅಮ್ಮನ ಮಂಡಿನೋವು ಹೇಗಿದೆ?

ಅಣ್ಣ

ಮಾರ್ಚ್ 18

ಡಾಕ್ಟರ್ ಸಾಹೇಬರಿಗೆ,

ಅಮ್ಮನ ಮಂಡಿ ಚೆನ್ನಾಗಿದೆ. ನಿಮ್ಮ ಮೂಗು ಹೇಗಿದೆ? ತಗಡಿನ ವಾಸನೆ ಬಂದರೆ ಈಗಲೂ ಹಿಂಡಿಕೊಳ್ಳುತ್ತದೆಯೇ?

ಬಿಡಿಸಿ ಹೇಳಬೇಕಾಗಿಲ್ಲ, ನಿಜ. ನನಗೆ ಎಲ್ಲಾ ಅರ್ಥವಾಗುತ್ತದೆ. ನೀನು ಡಾಕ್ಟರಾದ ದಿನ ಅಪ್ಪ ಕೆಲಸದ ಅಂಗಿಯಲ್ಲೇ ಓಡಿ ಬಂದು, ನಿನ್ನ ಪ್ರೊಫೆಸರುಗಳ ಎದುರು ಗಂಟಲು ಹರಿಯುವಂತೆ ಹಾಡಿದನಲ್ಲ, ಅವತ್ತು ನಿನ್ನ ಮುಖ ನಾನು ನೋಡಿದ್ದೆ. ಇನ್ನು ಎಂಟು ಜನ ತಗಡಿನವರು ಸಾಲಾಗಿ ನಿಂತು ಬಡಿಯುವುದನ್ನು ನಿನ್ನ ಕಡೆಯ ದೊಡ್ಡ ಮನುಷ್ಯರು ನೋಡಿದರೆ ಮರ್ಯಾದೆ ಏನಾಗಬೇಕು, ಅಲ್ಲವಾ?

ಕಿವಿಯ ಮೆಷಿನ್ನನ್ನೂ ನಾನು ಮರೆತಿಲ್ಲ. ನೀನು ಕಿವಿ ಡಾಕ್ಟರಾದದ್ದಕ್ಕೆ ಮನೆಯವರ ಮೇಲೆ ಪ್ರಯೋಗ ಮಾಡಬೇಕಾ? ಗಟ್ಟಿಮುಟ್ಟಾಗಿದ್ದ ಮನುಷ್ಯನಿಗೆ ಮುದುಕರಿಗೆ ಹಾಕುವ ಮೆಷಿನ್ ಕಳಿಸಿಕೊಟ್ಟೆ. ಅವನು ಅದನ್ನು ಒಂದು ದಿನವೂ ಹಾಕಲಿಲ್ಲ, ರಿವೀಟಿನ ಡಬ್ಬಿಗೆ ಎಸೆದ. ನನಗೆ ಅವತ್ತು ಖುಷಿಯಾಗಿತ್ತು.

ಇರಲಿ. ಸುದ್ದಿ ಕೇಳು. ಸೋಮವಾರ ನಾನು ಸಂಘಕ್ಕೆ ಹೋಗಿ ಸಭಾಂಗಣ ಬೇಡ ಅಂತ ಹೇಳಿ ಬಂದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಿಮ್ಮ ಅಣ್ಣ ಹೇಳಿದ್ರಲ್ಲಮ್ಮಾ?"

"ನಾನು ತಂಗಿ ಹೇಳ್ತಿದೀನಿ."

"ಒಂದು ಗಾಂಭೀರ್ಯ ಬೇಡ್ವೇ? ನಿಮ್ಮ ತಂದೆ ಸಂಘದ ಹಿರಿಯ ಸದಸ್ಯರು. ಮೌನಾಚರಣೆ ಅಂದ್ರೆ ಅದಕ್ಕೊಂದು ತೂಕ."

"ಸಾರ್, ಅವರು ನಿಮ್ಮ ಮೀಟಿಂಗಿನಲ್ಲಿ ಮೇಜು ಬಡೀತಾ ಕೂರ್ತಿದ್ರು ಅಂತ ಸಂಘದಿಂದ ನೋಟಿಸ್ ಕಳಿಸಿದ್ದು ಯಾರು? ನೀವೇ ತಾನೇ? ಈಗ ಎಲ್ಲಿಂದ ಬಂತು ಗಾಂಭೀರ್ಯ?"

ಅವರು ಕೆಮ್ಮಿದರು. ನಾನು ಎದ್ದು ಬಂದೆ. ಅದೇ ಭಾನುವಾರ ವರ್ಕ್‌ಶಾಪಿನಲ್ಲಿ ಕಾರ್ಯಕ್ರಮ. ನೀನು ಬಂದರೂ ನಡೆಯುತ್ತದೆ, ಬಾರದಿದ್ದರೂ ನಡೆಯುತ್ತದೆ.

ಗಲಾಟೆ

ಏಪ್ರಿಲ್ 2

ಗಲಾಟೆ,

ನಿನ್ನ ಕಾಗದವನ್ನು ಹರಿದು ಹಾಕಿದೆ. ಆಮೇಲೆ ಕಸದ ಬುಟ್ಟಿಯಿಂದ ತುಂಡುಗಳನ್ನು ಹೆಕ್ಕಿ ಜೋಡಿಸಿ ಮತ್ತೆ ಓದಿದೆ. ಮರ್ಯಾದೆಯ ಮಾತು, ಮೂಗಿನ ಮಾತು ಯಾವುದೂ ನನಗೆ ತಾಗಲಿಲ್ಲ. ಮೆಷಿನ್ ಎಸೆದಾಗ ನಿನಗೆ ಖುಷಿಯಾಯಿತು ಎಂದು ಬರೆದಿದ್ದೀಯಲ್ಲ, ಆ ಸಾಲು ತಾಗಿತು. ಹಾಗಾದರೆ ನಿನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ನನ್ನ ಮನೆಗೆ ಬಂದಿದ್ದಾಗ ಬಲವಂತ ಮಾಡಿ ಪರೀಕ್ಷೆ ಮಾಡಿದ್ದೆ. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು, ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಕೊನೆಕೊನೆಗೆ ಅವನಿಗೆ ಯಾವ ಹಾಡೂ ಕೇಳಿಸಿರಲಾರದು. ಕಾರಣ ಬೇರೆ ಏನೂ ಅಲ್ಲ, ನೀನು ವೇದಿಕೆ ಹತ್ತಿಸಲು ಹೊರಟಿರುವ ಆ ಸುತ್ತಿಗೆಗಳೇ. ಕೆಲಸ ಬಿಡು ಎಂದೆ. ಕಾಲಿಗೆ ಬಿದ್ದೆ. ಅವನು ನಕ್ಕು, "ನನ್ನ ಕಿವಿ, ನನ್ನಿಷ್ಟ. ಮನೇಲಿ ಯಾರಿಗಾದ್ರೂ ಹೇಳಿದ್ಯೋ, ನಿನ್ನ ಮನೆ ಮೆಟ್ಟಿಲು ಹತ್ತಲ್ಲ" ಅಂದ. ನಾನು ಬಾಯಿ ಮುಚ್ಚಿಕೊಂಡೆ. ಒಂದೇ ಮನೆಯಲ್ಲಿರುವವರಿಗೆ ಹೇಗೂ ಗೊತ್ತಾಗಿರುತ್ತದೆ, ಕೆಲಸ ನಿಲ್ಲಬಾರದು ಎಂದು ನೀವೂ ಸುಮ್ಮನಿದ್ದೀರಿ ಎಂದೇ ತಿಳಿದಿದ್ದೆ. ಆ ಸಿಟ್ಟಿನಲ್ಲಿ ಇಷ್ಟು ವರ್ಷ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ದಿನವಿಡೀ ಬೇರೆಯವರ ಕಿವಿ ಉಳಿಸುವುದು ನನ್ನ ಕೆಲಸ. ನನ್ನಪ್ಪನ ಕಿವಿ ತಿಂದ ಶಬ್ದಕ್ಕೆ ನಾನು ಬಂದು ಚಪ್ಪಾಳೆ ತಟ್ಟಬೇಕೇ? ಆಗುವುದಿಲ್ಲ. ನೀನು ಎಷ್ಟು ಬೈದರೂ ಆಗುವುದಿಲ್ಲ.

ಅಣ್ಣ

ಏಪ್ರಿಲ್ 25

ಅಣ್ಣ,

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ನನಗೆ ಗೊತ್ತಿರಲಿಲ್ಲ. ಯಾರ ಮೇಲೆ ಬೇಕಾದರೂ ಆಣೆ ಹಾಕಿಸಿಕೋ. ಹೇಗೆ ಗೊತ್ತಾಗಬೇಕು ಹೇಳು? ನಮ್ಮ ಮನೆಯಲ್ಲಿ ಯಾರು ಮೆಲ್ಲಗೆ ಮಾತಾಡಿದ್ದಾರೆ? ಉಪ್ಪು ಕೊಡು ಅನ್ನುವುದಕ್ಕೂ ಕೂಗುವವರು ನಾವು. ಹೊರಗಿನವರು ಮನೆಯಲ್ಲಿ ಏನೋ ಅನಾಹುತವಾಗಿದೆ ಅಂದುಕೊಳ್ಳುತ್ತಾರೆ. ಬೇರೆ ಮನೆಯಲ್ಲಿ ಯಜಮಾನ ರೇಡಿಯೋ ಅಷ್ಟು ಜೋರಾಗಿ ಇಟ್ಟರೆ ಕಿವಿಗೆ ಏನಾಯಿತು ಅಂತ ಕೇಳುತ್ತಾರೆ. ನಾವು ಸಂಗೀತದ ಹುಚ್ಚು ಅಂದೆವು. ಬೇರೆಯವರು ಮಾತಾಡುವಾಗ ಬಾಯಿಯನ್ನೇ ದಿಟ್ಟಿಸಿದರೆ ಅನುಮಾನ ಬರುತ್ತದೆ. ತಗಡಿನ ಕೆಲಸದಲ್ಲಿ ನಾವೆಲ್ಲರೂ ಬಾಯಿ ನೋಡಿಯೇ ಮಾತು ತಿಳಿಯುವವರು. ಕಿವುಡು ಅಡಗಿ ಕೂರಲು ನಮ್ಮ ಮನೆಗಿಂತ ಒಳ್ಳೆಯ ಜಾಗ ಲೋಕದಲ್ಲೇ ಇರಲಾರದು.

ಅಮ್ಮನನ್ನು ಕೇಳಿದೆ. ಬಟ್ಟೆ ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಹೂಂ."

"ನಂಗೆ ಯಾಕೆ ಹೇಳ್ಲಿಲ್ಲ?"

"ಅವರು ಬೇಡ ಅಂದ್ರು."

"ಅವರು ಬಾವಿಗೆ ಬೀಳು ಅಂದಿದ್ರೆ ಬೀಳ್ತಿದ್ಯಾ?"

"ನಿನ್ನ ಕೆಲಸ ನೋಡ್ಕೋ ಹೋಗು" ಅಂದಳು. ಅಷ್ಟೇ.

ಈಗ ನನಗೆ ಎಲ್ಲರ ಮೇಲೂ ಸಿಟ್ಟು. ನಿನ್ನ ಮೇಲೆ, ಅಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಮಹಾರಾಯನ ಮೇಲೆ. ಅವನ ಕಿವಿ, ಅವನಿಷ್ಟ, ಸರಿ. ಮೀಸೆಯ ಕಿವಿ ಯಾರ ಇಷ್ಟ? ಎಲ್ಲರಿಗಿಂತ ಚಿಕ್ಕವನು ನಮ್ಮ ಲಂಬು, ಅವನ ಕಿವಿ? ಸುತ್ತಿಗೆ ಕೊಟ್ಟು ತಾಳ ನೋಡಿ ಕೆಲಸಕ್ಕೆ ಸೇರಿಸಿಕೊಂಡ, ಇದು ಕಿವಿ ತಿನ್ನುತ್ತದೆ ಅಂತ ಮಾತ್ರ ಒಬ್ಬರಿಗೂ ಹೇಳಲಿಲ್ಲ. ಅವನು ಒಳ್ಳೆಯವನು, ನಮಗಾಗಿ ಜೀವ ತೇದವನು, ಎಲ್ಲಾ ನಿಜ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸತ್ತವರನ್ನು ಬೈಯಬಾರದು ಅನ್ನುವವರು ಬೇರೆ ಮನೆಗೆ ಹೋಗಲಿ.

ನಿನ್ನೆ ಎಲ್ಲರನ್ನೂ ಕೂರಿಸಿ ಹೇಳಿಬಿಟ್ಟೆ. ಮೀಸೆ, "ಅದಕ್ಕೇ ನನ್ನ ಮೊಮ್ಮಗಳು ತಾತಾ ಟಿ.ವಿ. ಕಮ್ಮಿ ಮಾಡು ಅಂತಾಳೆ" ಅಂದ. ಯಾರೂ ನಗಲಿಲ್ಲ. ಲಂಬು ಕೇಳಿದ: "ಹಾಗಾದ್ರೆ ಕಾರ್ಯಕ್ರಮ ಬಿಡೋದಾ ಅಕ್ಕಾ?" ನೀವು ಬಿಡಿ ಅಂದರೆ ಬಿಡುತ್ತೇನೆ ಅಂದೆ. ಅವರವರೇ ಗುಸುಗುಸು ಮಾತಾಡಿಕೊಂಡರು. ಅಂದರೆ ನಮ್ಮ ಗುಸುಗುಸು, ಬೀದಿಗೆಲ್ಲ ಕೇಳಿಸಿತು. ಕೊನೆಗೆ ಮೀಸೆ ಎದ್ದು ನಿಂತ: "ಯಜಮಾನರು ನಮಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಆದ್ರೂ ಅವರಿಗೆ ನಾವು ಬಡೀತೀವಿ. ಆಮೇಲೆ ಕಿವಿ ವಿಷಯ ಲೆಕ್ಕ ಚುಕ್ತಾ ಮಾಡೋಣ."

ಆದ್ದರಿಂದ ಡಾಕ್ಟರೇ, ಚಪ್ಪಾಳೆ ತಟ್ಟಲು ನಿನ್ನನ್ನು ಕರೆಯುತ್ತಿಲ್ಲ. ಪರೀಕ್ಷೆಯ ಮೆಷಿನ್ ಎತ್ತಿಕೊಂಡು ಬಾ. ದೂರದಲ್ಲಿ ಕೂತು ಸಿಟ್ಟು ಮಾಡಿಕೊಂಡರೆ ಯಾರ ಕಿವಿಯೂ ಉಳಿಯುವುದಿಲ್ಲ.

ನಿನ್ನ
ಗಲಾಟೆ

ಮೇ 1

ಗಲಾಟೆ,

ಬರುತ್ತೇನೆ. ಮೆಷಿನ್ ತರುತ್ತೇನೆ. ಕಿವಿಗವಸುಗಳನ್ನೂ ತರುತ್ತೇನೆ. ಕಿವಿ ಮುಚ್ಚದೆ ಒಬ್ಬರೂ ಸುತ್ತಿಗೆ ಮುಟ್ಟಕೂಡದು. ಯಾರ ಕಿವಿ ಕೆಟ್ಟಿದ್ದರೂ ಎಲ್ಲರೆದುರೇ ಹೇಳುತ್ತೇನೆ. ಇನ್ನು ಯಾರ ಗುಟ್ಟನ್ನೂ ನಾನು ಇಟ್ಟುಕೊಳ್ಳುವುದಿಲ್ಲ.

ನಿನ್ನನ್ನೂ ಪರೀಕ್ಷೆ ಮಾಡುತ್ತೇನೆ. ತಕರಾರು ಬೇಡ.

ಅಣ್ಣ

ಮೇ 20

ಅಣ್ಣ,

ನೀನು ಹೊರಟು ಹೋದ ಮೇಲೆ ಏನಾಯಿತು ಅಂತ ಹೇಳುವುದಕ್ಕೆ ಈ ಕಾಗದ. ಬೈಯಲಿಕ್ಕಲ್ಲ. ಬೈಗುಳವನ್ನು ಆ ಭಾನುವಾರ ಬೆಳಿಗ್ಗೆ, ನೀನು ಕಿವಿ ಪರೀಕ್ಷೆ ಮಾಡಿದಾಗಲೇ ಇಬ್ಬರೂ ಖರ್ಚು ಮಾಡಿ ಮುಗಿಸಿದ್ದೇವೆ.

ಕೊಟ್ಟ ಮಾತನ್ನು ನೀನು ಉಳಿಸಿಕೊಂಡೆ, ಎಲ್ಲರೆದುರೇ ಹೇಳಿದೆ. ಮೀಸೆಯದು ಎರಡೂ ಕಿವಿ. ಲಂಬುವಿನದು ಈಗಷ್ಟೇ ಶುರು. ನನ್ನದು ಎಡಗಿವಿ. ಆಮೇಲೆ ನೀನೇ ದನಿ ಏರಿಸಿ ನನಗೆ, "ನೀನು ಇವತ್ತೇ ಈ ಕೆಲಸ ಬಿಡಬೇಕು" ಅಂದೆ. ನಾನು "ನನ್ನ ಕಿವಿ, ನನ್ನಿಷ್ಟ" ಅಂದೆ. ನಿನ್ನ ಮುಖ ಬಿಳಿಚಿಕೊಂಡಿತು. ಚೀಲ ಹೆಗಲಿಗೆ ಹಾಕಿಕೊಂಡು, ಅಮ್ಮ ಕರೆದರೂ ತಿರುಗದೆ ಹೊರಟುಬಿಟ್ಟೆ. ಕಿವಿಗವಸುಗಳನ್ನು ಮಾತ್ರ ಬೆಂಚಿನ ಮೇಲೆ ಸಾಲಾಗಿ ಜೋಡಿಸಿಟ್ಟು ಹೋಗಿದ್ದೆ.

ಮಧ್ಯಾಹ್ನ ಜನ ಬಂದರು. ಬೀದಿಯ ಅಂಗಡಿಯವರೆಲ್ಲ, ಟೈರಿನವನೂ. ಅಧ್ಯಕ್ಷರು ಅಭ್ಯಾಸಬಲದಿಂದ ಎದ್ದು, "ಈಗ ಒಂದು ನಿಮಿಷ..." ಅಂದರು. "ಕೂತ್ಕೊಳ್ಳಿ ಸಾರ್" ಅಂದೆ. ಕೂತರು. ನಾವು ಎಂಟು ಜನ ಕಿವಿಗವಸು ಹಾಕಿಕೊಂಡು ಸಾಲಾಗಿ ನಿಂತೆವು. ಅಪ್ಪನ ಜಾಗದಲ್ಲಿ ನಿಂತು ನಾನು ಹಾಡು ಎತ್ತಿದೆ, ಸುತ್ತಿಗೆಗಳು ಬಿದ್ದವು.

ಅಯ್ಯೋ, ಅದೇನು ಬಡಿತ! ನನ್ನ ಹಾಡು ನನಗೇ ಕೇಳಿಸಲಿಲ್ಲ, ಇನ್ನು ಅವರಿಗೆ ಕೇಳುವುದೆಲ್ಲಿ ಬಂತು? ಒಬ್ಬೊಬ್ಬರು ತಮ್ಮ ತಲೆಯೊಳಗಿನ ಹಾಡಿಗೆ ಬಡಿಯುತ್ತಿದ್ದರು. ಅಪ್ಪ ಹೇಳುತ್ತಿದ್ದ ಆ ಜಾಗ ಎಲ್ಲೂ ಇಲ್ಲ, ಬರೀ ಗದ್ದಲ. ಜನ ಕಿವಿ ಮುಚ್ಚಿಕೊಂಡರು. ಯಾರೋ ನಕ್ಕರು. ಲಂಬು ಹೆಬ್ಬೆರಳಿಗೆ ಏಟು ಹಾಕಿಕೊಂಡ. ಮೀಸೆ ಕಿವಿಗವಸು ಕಿತ್ತು ಎಸೆಯಲು ಕೈ ಎತ್ತಿದ. ನಾನು ಹೋಗಿ ಅವನ ಕೈ ಹಿಡಿದುಕೊಂಡೆ. ಅವನ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ. ಎಲ್ಲಾ ಮುಗಿಯಿತು, ಅಣ್ಣನೇ ಗೆದ್ದ ಅಂದುಕೊಂಡೆ.

ಆಗ ಅಮ್ಮ ಎದ್ದಳು. ಮಂಡಿ ಹಿಡಿದುಕೊಂಡು ಮೆಲ್ಲಗೆ ಬಂದು, ಮಿಕ್ಕಿದ್ದ ಒಂದು ಕಿವಿಗವಸು ತಾನೂ ಏರಿಸಿಕೊಂಡು, ಸಾಲಿನ ತುದಿಯಲ್ಲಿದ್ದ ಮೀಸೆಯ ಬೆನ್ನ ಹಿಂದೆ ನಿಂತಳು. ಅಂಗೈಯಿಂದ ಅವನ ಬೆನ್ನ ಮೇಲೆ ತಾಳ ತಟ್ಟತೊಡಗಿದಳು. ಮೀಸೆ ನಾಚಿ ನೀರಾಗಿ ಒಮ್ಮೆ ತಿರುಗಿ ನೋಡಿದ. ಆಮೇಲೆ ಸುತ್ತಿಗೆ ಎತ್ತಿದ. ಅವನ ಕೈ ನೋಡಿಕೊಂಡು ಲಂಬು, ಲಂಬುವಿನ ಕೈ ನೋಡಿಕೊಂಡು ಅವನ ಪಕ್ಕದವನು. ನಾನು ಓಡಿ ಹೋಗಿ ನನ್ನ ಜಾಗದಲ್ಲಿ ನಿಂತೆ. ನಾಲ್ಕು ಏಟು ಹಿಂದೆ ಮುಂದೆ ಆಯಿತು. ಐದನೆಯದಕ್ಕೆ ಎಂಟು ಸುತ್ತಿಗೆಯೂ ಒಟ್ಟಿಗೆ ಬಿದ್ದವು. ನೆಲದಿಂದ ಕಾಲಿಗೆ ಬಂತು ಅದು. ನಾನು ಮತ್ತೆ ಹಾಡಿದೆ, ನನಗೆ ಕೇಳಿಸದಿದ್ದರೂ ಹಾಡಿದೆ. ಬಹಳ ಕೆಟ್ಟದಾಗಿ ಹಾಡಿದೆ ಅಂತ ಟೈರಿನವನು ಆಮೇಲೆ ಹೇಳಿದ. ಆದರೂ ಕೊನೆಯವರೆಗೂ ಕೂತಿದ್ದ.

ಎಲ್ಲರೂ ಹೋದ ಮೇಲೆ ಅಮ್ಮನನ್ನು ಹಿಡಿದು ಕೂರಿಸಿದೆ. "ಇದನ್ನ ಎಲ್ಲಿ ಕಲಿತೆ?" ಅಂದೆ. ಈ ಸಲ ಬಾಯಿ ಬಿಟ್ಟಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಓದಿ ನೀನು ಏನು ಬೇಕಾದರೂ ಮಾಡಿಕೋ.

"ಎಲ್ಲಿ ಕಲಿಯೋದು? ಹಾಡಿನ ಕಾರ್ಯಕ್ರಮಕ್ಕೆ ಹೋದಾಗೆಲ್ಲ ನಿಮ್ಮಪ್ಪನ ಬೆನ್ನ ಮೇಲೆ ಹೀಗೇ ತಟ್ತಾ ಕೂರ್ತಿದ್ದೆ. ಅವರಿಗೆ ಕೇಳಿಸ್ತಿದ್ದಿದ್ದೇ ಅಷ್ಟು. ಜನ ನೋಡಿ ನಗೋರು, ಈ ವಯಸ್ಸಲ್ಲಿ ಮುದುಕಿಗೆ ಗಂಡನ ಬೆನ್ನು ಬಿಟ್ಟಿರೋಕೆ ಆಗಲ್ಲ ಅಂತ. ನೀನೂ ಮುಖ ಆ ಕಡೆ ತಿರುಗಿಸ್ತಿದ್ದೆ. ನಗ್ಲಿ ಅಂದ್ಕೊಂಡೆ. ಒಂದೊಂದ್ಸಲ ಸ್ಟೇಜಿನ ಮೇಲಿನ ಹಾಡು ನಂಗೆ ಹಿಡಿಸ್ತಿರ್ಲಿಲ್ಲ. ನಂಗಿಷ್ಟವಾದ ಬೇರೆ ಹಾಡೇ ತಟ್ಟಿಬಿಡ್ತಿದ್ದೆ. ಅವರು ಅದನ್ನೇ ಕೇಳಿ ಆಹಾ ಅಂತ ತಲೆ ಆಡ್ಸೋರು. ಆಚೆ ಬಂದ್ಮೇಲೆ, ‘ಇವತ್ತು ಏನ್ ಹಾಡಿದ್ಲೇ ಆ ಯಮ್ಮ’ ಅನ್ನೋರು. ನಾನು ಹೂಂ ಅಂತಿದ್ದೆ."

ನಾನು ನಕ್ಕೆ. ನಗುತ್ತಾ ನಗುತ್ತಾ ಗೊಳೋ ಅಂತ ಅತ್ತೆ. ಅಮ್ಮ ಅಳಲಿಲ್ಲ. "ಅವರು ಯಾರಿಗೂ ಹೇಳ್ಬೇಡ ಅಂದ್ರು, ಸರಿ. ಹಾಡು ನಿಂತುಹೋಗ್ಲಿ ಅಂತ ನಾನು ಬಿಡ್ತೀನಾ?" ಅಂದಳು.

ಈಗ ನನ್ನ ಮಾತು. "ನನ್ನ ಕಿವಿ, ನನ್ನಿಷ್ಟ" ಅಂದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದು ಅಪ್ಪನ ಮಾತು. ಆ ಒಂದು ಮಾತು ಹೇಳಿ ಅವನು ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿದ, ಅಮ್ಮ ಒಬ್ಬಳನ್ನು ಬಿಟ್ಟು. ನನ್ನ ಕಿವಿ ನಿನ್ನ ಸುಪರ್ದಿಗೆ. ಮೀಸೆಯದೂ, ಲಂಬುವಿನದೂ, ಎಲ್ಲರದೂ. ವರ್ಷಕ್ಕೆರಡು ಸಲ ಬಾ, ಪರೀಕ್ಷೆ ಮಾಡು, ಎಲ್ಲರೆದುರು ಬಾಯಿಗೆ ಬಂದಂತೆ ಬೈ, ಕೇಳಿಸಿಕೊಳ್ಳುತ್ತೇನೆ. ಕಿವಿಗವಸು ಇಲ್ಲದೆ ಇನ್ನು ಮೇಲೆ ನಮ್ಮ ಬಾಗಿಲೊಳಗೆ ಯಾರೂ ಬರುವುದಿಲ್ಲ, ಅಧ್ಯಕ್ಷರೂ ಕೂಡ.

ಆದರೆ ಸುತ್ತಿಗೆ ನನ್ನದು. ಅದನ್ನು ಕೆಳಗಿಡು ಅನ್ನುವುದಕ್ಕೆ ನೀನು ಯಾರೂ ಅಲ್ಲ, ಅಪ್ಪನೇ ಬಂದು ಹೇಳಿದರೂ ಇಡುವುದಿಲ್ಲ. ಸಿಟ್ಟಿದ್ದರೆ ಇಲ್ಲಿಗೆ ಬಂದು ಸಿಟ್ಟು ಮಾಡು.

ಕೆಲಸ ಶುರುವಾಗಬೇಕು, ಎಲ್ಲರೂ ನನಗೋಸ್ಕರ ಕಾಯುತ್ತಿದ್ದಾರೆ. ಅಮ್ಮ ಆಗಲೇ ಬೆನ್ನ ಹಿಂದೆ ಬಂದು ನಿಂತಿದ್ದಾಳೆ. ಬರೆದಿದ್ದು ಸಾಕು, ಏಳು ಅಂತ ತಟ್ಟುತ್ತಿದ್ದಾಳೆ.

ನಿನ್ನ
ಗಲಾಟೆ